ಎಂಬತ್ತೆಂಟನೆಯ ಮುದ್ರೆ

ಕೋಲ್ಬಿ ಹಾರ್ಬರ್, ವಾಷಿಂಗ್ಟನ್
೧೪ ಮಾರ್ಚ್ ೧೯೫೩

ತಮ್ಮಾ ಕ್ಲೋವಿಸ್,

ನಿನ್ನಕ್ಕನಿಗೆ ಮುದ್ರೆ ಸಿಕ್ಕಿತು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದು. ಹೆಬ್ಬೆರಳುದ್ದದ ಉಕ್ಕಿನ ಅಚ್ಚು, ತುದಿಯಲ್ಲಿ ೮೮ ಎಂಬ ಅಂಕಿ. ಇನ್ನು ಮುಂದೆ ನಾನು ಪರೀಕ್ಷೆ ಮಾಡಿದ ಪೈಪಿನ ಕಾರ್ಡಿನ ಮೇಲೆ ನನ್ನದೇ ಅಂಕಿ ಬೀಳುತ್ತದೆ. ಒಂಬತ್ತು ವರ್ಷ ಸೋಪಿನ ನೀರು ಬಳಿದವಳು ನಾನು, ಗುಳ್ಳೆ ಕಂಡವಳು ನಾನು. ಮುದ್ರೆ ಒತ್ತುತ್ತಿದ್ದವನು ಮಾತ್ರ ಮೊನ್ನೆ ಮೊನ್ನೆ ಸೇರಿದ ಯಾವನೋ ಬಿಳಿಯ.

ನನ್ನ ಕೆಲಸ ಏನೆಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪೈಪಿನೊಳಗೆ ಗಾಳಿ ತುಂಬುತ್ತಾರೆ. ನಾನು ಹೊರಗಿನಿಂದ ಒಂದೊಂದು ಜೋಡಣೆಗೂ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ, ದೀಪ ಹಿಡಿದು ಕಾಯುತ್ತೇನೆ. ಗುಳ್ಳೆ ಎದ್ದರೆ ಸೋರುತ್ತಿದೆ. ಏಳದಿದ್ದರೆ ಸರಿ. ಅವ್ವ ಜಾರ್ಜಿಯಾದಲ್ಲಿ ಬಿಳಿಯರ ಬಟ್ಟೆ ಒಗೆದಳು, ನಾನಿಲ್ಲಿ ಬಿಳಿಯರ ಯುದ್ಧದ ಹಡಗು ಒಗೆಯುತ್ತೇನೆ. ಸೋಪು ಮಾತ್ರ ನಮ್ಮ ಮನೆತನವನ್ನು ಬಿಟ್ಟಿಲ್ಲ.

ಈಗ ಕೈಯಲ್ಲಿರುವುದು 'ಬ್ರೈಯರ್ ಕ್ರೀಕ್', ಹಿಂದಿನ ಯುದ್ಧದ ವಿಮಾನವಾಹಕ ಹಡಗು. ಅದನ್ನು ಜೆಟ್ ವಿಮಾನಕ್ಕೆ ಒಗ್ಗಿಸುತ್ತಿದ್ದಾರೆ. ಮೇಲ್ಛಾವಣಿ ಕಿತ್ತು ದಪ್ಪ ಉಕ್ಕು ಹಾಸಿದ್ದಾರೆ. ಹೊಟ್ಟೆ ಸೀಳಿ ಇಂಧನದ ಟ್ಯಾಂಕು ದೊಡ್ಡದು ಮಾಡಿದ್ದಾರೆ. ಮೂತಿಯಲ್ಲಿ ಹೊಸ ಕವಣೆ. ನೀನು ಗುಬ್ಬಿ ಹೊಡೆಯುತ್ತಿದ್ದ ಕವಣೆಯಲ್ಲ. ಗಾಳಿ ಮತ್ತು ಎಣ್ಣೆಯ ಒತ್ತಡದಿಂದ ಉಕ್ಕಿನ ಹಗ್ಗ ಎಳೆದು ವಿಮಾನವನ್ನೇ ಸಮುದ್ರದ ಮೇಲಕ್ಕೆ ಬೀಸಿ ಎಸೆಯುವ ಯಂತ್ರ. ಹಳೆಯ ವಿಮಾನ ಬಡಕಲು ಕರು. ಜೆಟ್ ಕೊಬ್ಬಿದ ಗೂಳಿ. ಒತ್ತಡ ಹೆಚ್ಚು ಬೇಕು, ಪೈಪು ಹೊಸದು ಬೇಕು, ಆದ್ದರಿಂದ ನಾನು ಬೇಕು.

ಮೇಸ್ತ್ರಿ ಹಾಲ್ವರ್ಸನ್ ಮುದ್ರೆಯನ್ನು ಕೈಗಿಟ್ಟು, "ತಗೋ ಹುಡುಗಿ, ಈ ಹಡಗುಕಟ್ಟೇಲಿ ಮುದ್ರೆ ಹಿಡ್ದ ಮೊದಲ್ನೇ ಕರಿ ಹೆಂಗ್ಸು ನೀನು. ನನ್ ಮರ್ಯಾದೆ ಉಳ್ಸು" ಅಂದ. ಮೂವತ್ತೊಂಬತ್ತು ವರ್ಷದ ಹುಡುಗಿ! ಇರಲಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಮ್ಮ ಹೆಂಗಸರೆಲ್ಲ ಆ ಅಚ್ಚನ್ನು ಕೈಯಿಂದ ಕೈಗೆ ದಾಟಿಸಿ ಮುಟ್ಟಿ ನೋಡಿದರು. ವರ್ನೀಸ್ ಅದಕ್ಕೊಂದು ಮುತ್ತು ಕೊಟ್ಟಳು. "ನಿನ್ ಹಿಂದೆ ನಾವು ಹನ್ನೆರಡು ಜನ ನಿಂತಿದ್ದೀವಿ ಕಣಕ್ಕಾ, ಎಡವಿಬಿಟ್ಟೀಯ" ಅಂದಳು.

ನಿನ್ನ ಮೆಕ್ಯಾನಿಕ್ ಶಾಲೆ ಹೇಗಿದೆ? ಜೆಟ್ಟಿನ ಎಂಜಿನು ಮುಟ್ಟಲು ಕೊಟ್ಟರೋ ಇಲ್ಲವೋ? ಬರೆ.

ನಿನ್ನ ಅಕ್ಕ
ಅರ್ಡೆಲಾ

ಸ್ಯಾನ್ ಡಿಯೇಗೊ
೨ ಏಪ್ರಿಲ್ ೧೯೫೩

ಅಕ್ಕಾ,

ಮುದ್ರೆಯ ಸುದ್ದಿಯನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಬ್ಬ, "ನಿಮ್ಮಕ್ಕನ್ನ ನೌಕಾಪಡೆ ಮಂತ್ರಿ ಮಾಡ್ಲಿ ಬಿಡು" ಅಂದ. ನಾನು, "ಮಂತ್ರಿಗೆ ಗುಳ್ಳೆ ಕಾಣಲ್ಲ ಕಣೋ" ಅಂದೆ.

ನಾನು ಚೆನ್ನಾಗಿದ್ದೇನೆ. ದಿನವಿಡೀ ಪೈಲಟ್‌ಗಳ ನಡುವೆಯೇ ಇರುತ್ತೇನೆ. ಅವರ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಬಟ್ಟೆಗೆ ಒಂದು ಚೂರೂ ಮಸಿ ಹತ್ತುವುದಿಲ್ಲ, ಅಷ್ಟು ಶುಭ್ರವಾದ ಕೆಲಸ. ಎಂಜಿನಿನ ಬಗ್ಗೆ ಆಮೇಲೆ ಬರೆಯುತ್ತೇನೆ.

ಕ್ಲೋವಿಸ್

ಕೋಲ್ಬಿ ಹಾರ್ಬರ್
೨೧ ಸೆಪ್ಟೆಂಬರ್ ೧೯೫೩

ಕ್ಲೋವಿಸ್,

ಐದು ತಿಂಗಳು ಕಾಗದ ಹಾಕಲಿಲ್ಲ. ಕೆಲಸವಿತ್ತು. ಭಾನುವಾರವೂ ಇತ್ತು.

'ಬ್ರೈಯರ್ ಕ್ರೀಕ್' ಹೇಳಿದ ದಿನಕ್ಕೇ ಹೊರಟಿತು. ಬ್ಯಾಂಡು, ಬಾವುಟ, ಅಡ್ಮಿರಲ್, ಅಡ್ಮಿರಲನ ಹೆಂಡತಿಯ ಟೋಪಿ. ಎಲ್ಲ ಕಾರ್ಡಿಗೂ ಮುದ್ರೆ ಬಿತ್ತು. ಎಲ್ಲ ಸರಿಯಾಗಿದೆ.

ಕೈ ಚರ್ಮ ಸುಲಿಯುತ್ತಿದೆ. ಸೋಪಿನದ್ದು ಅಂತ ಡಾಕ್ಟರ್ ಅಂದ. ಬೇರೆ ವಿಶೇಷವಿಲ್ಲ.

ಅಕ್ಕ

'ಬ್ರೈಯರ್ ಕ್ರೀಕ್' ಹಡಗಿನಿಂದ
೨೯ ನವೆಂಬರ್ ೧೯೫೩

ಅಕ್ಕಾ,

ವಿಳಾಸ ನೋಡಿದೆಯಾ? ಕುಣಿಯಬೇಡ, ಕೂತು ಓದು. ನೀನು ಒಗೆದ ಹಡಗಿಗೇ ನನ್ನನ್ನು ಹಾಕಿದ್ದಾರೆ.

ಈಗ ನಿಜ ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಒಂದು ದಿನವೂ ಆಗಿರಲಿಲ್ಲ. ಸೇರುವಾಗ, "ಎಂಜಿನ್ ಶಾಲೆ ಗ್ಯಾರಂಟಿ" ಅಂತ ಬೆನ್ನು ತಟ್ಟಿದರು. ಸೇರಿದ ಮೇಲೆ ಬಿಳಿ ಕೋಟು ತೊಡಿಸಿ ಕೈಗೆ ಕಾಫಿಯ ಜಗ್ಗು ಕೊಟ್ಟರು. ಕೊಟ್ಟಿದ್ದು ನನಗೊಬ್ಬನಿಗಲ್ಲ, ನಮ್ಮವರೆಲ್ಲರಿಗೂ, ಕರಿಯರು, ಫಿಲಿಪೀನೊಗಳು. ಅಧಿಕಾರಿಗಳ ಊಟದ ಮನೆಯೇ ನಮ್ಮ ಯುದ್ಧಭೂಮಿ. ಪೈಲಟ್‌ಗಳ ನಡುವೆ ಇದ್ದೇನೆ ಎಂದು ಬರೆದದ್ದು ಸುಳ್ಳಲ್ಲ. ಅವರ ಎಂಜಲು ತಟ್ಟೆಗಳ ನಡುವೆಯೂ ಇದ್ದೇನೆ.

ನಾವು ಮಲಗುವ ಕೋಣೆಗೆ ನಮ್ಮ ಹುಡುಗರು 'ಜಾರ್ಜಿಯಾ' ಎಂದು ಹೆಸರಿಟ್ಟಿದ್ದಾರೆ. ಸೆಕೆ, ಇಕ್ಕಟ್ಟು, ಬರೀ ಕಪ್ಪು ಮುಖ, ಬೆಳಗಾದರೆ ಯಾರೋ ಹೆಸರು ಹಿಡಿದು ಕೂಗುವುದು. "ಊರು ಬಿಟ್ಟು ಬಂದೆ ಅನ್ಕೊಂಡಿದ್ದೆ, ಊರೇ ಹಡಗು ಹತ್ತಿ ಬಂದೈತೆ" ಎಂದು ನಾನಂದಾಗ ಮೂವತ್ತೆಂಟು ಜನರ ಆ ಕೋಣೆಯೇ ನಕ್ಕಿತು. ಪಕ್ಕದ ಮಂಚದ ಮೆಲೆಸಿಯೊ ಮಾತ್ರ ನಗಲಿಲ್ಲ. ಅವನು ಮನಿಲಾದಲ್ಲಿ ಮೇಷ್ಟ್ರಾಗಿದ್ದವನು.

ಹೊಗಳು ಎಂದು ಕೇಳುವುದಿಲ್ಲ. ಬೈಯಬೇಡ.

ಕ್ಲೋವಿಸ್

ಕೋಲ್ಬಿ ಹಾರ್ಬರ್
೧೬ ಡಿಸೆಂಬರ್ ೧೯೫೩

ತಮ್ಮಾ,

ಬೈಯುತ್ತೇನೆ. ಅವ್ವ ಅಡುಗೆಮನೆಗಳಲ್ಲಿ ಬೆನ್ನು ಬಗ್ಗಿಸಿದ್ದು ನೀನು ಇನ್ನೊಂದು ಅಡುಗೆಮನೆ ಸೇರಲೆಂದಲ್ಲ. ಆ ಕಾಫಿ ಅವರ ಮಡಿಲಿಗೇ ಚೆಲ್ಲಲಿ.

ಬೈದು ಮುಗಿಯಿತು. ಈಗ ಇನ್ನೊಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನು ಮೆಕ್ಯಾನಿಕ್ ಅಲ್ಲ ಎಂದು ಓದಿದಾಗ ಅಳು ಬಂತು, ಜೊತೆಗೆ ಎದೆ ಹಗುರವೂ ಆಯಿತು. ಮೆಕ್ಯಾನಿಕ್ ಆಗಿದ್ದರೆ ನೀನು ಕವಣೆಯ ಹತ್ತಿರವೇ ಇರುತ್ತಿದ್ದೆ. ಅಧಿಕಾರಿಗಳು ಉಣ್ಣುವ ಕಡೆ ಅಪಾಯ ಬರುವುದಿಲ್ಲ, ತಮ್ಮ ತಟ್ಟೆಯ ಸುತ್ತ ಎಲ್ಲವನ್ನೂ ಭದ್ರ ಮಾಡಿಕೊಂಡಿರುತ್ತಾರೆ. ಅಲ್ಲೇ ಇರು. ಯಂತ್ರಗಳ ಕಡೆ ತಲೆ ಹಾಕಬೇಡ. ಏಕೆ ಎಂದು ಕೇಳಬೇಡ.

ಅಕ್ಕ

'ಬ್ರೈಯರ್ ಕ್ರೀಕ್'
೭ ಫೆಬ್ರುವರಿ ೧೯೫೪

ಅಕ್ಕಾ,

ಕಳ್ಳಿ! ಸಿಕ್ಕಿಬಿದ್ದೆ.

ನನ್ನ ಲಾಕರಿನ ಹಿಂದೆ ಒಂದು ಪೈಪು ಗೋಡೆ ತೂರಿ ಹೋಗಿದೆ. ನಿನ್ನೆ ಬಿದ್ದ ಬಾಚಣಿಗೆ ಹುಡುಕಲು ಲಾಕರು ಸರಿಸಿದೆ. ಜೋಡಣೆಯ ಪಕ್ಕ ಉಕ್ಕಿಗೇ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಗುರುತು: ಒಂದು ಕುಣಿಕೆ, ಕೆಳಗೆ ಮೂರು ಗೀಟು. ಮೇಲೆ ಬಣ್ಣ ಬಳಿದರೂ ಬೆರಳಿಗೆ ಸಿಗುತ್ತದೆ.

ಅವ್ವನ ಗುರುತು! ಹೋಗದ ಕಲೆಯ ಗುರುತು! ಒಗೆದ ಬಟ್ಟೆಗಳನ್ನು ಮನೆ ಮನೆಗೆ ಹೊತ್ತು ಹಂಚುತ್ತಿದ್ದವನು ನಾನು, ಮರೆಯುತ್ತೇನೆಯೆ? ಬಟ್ಟೆಯ ಅಂಚಿಗೆ ದಾರದಲ್ಲಿ ಕುಣಿಕೆ ಮತ್ತು ಮೂರು ಗೀಟು ಇದ್ದರೆ, ಕಲೆ ಹೋಗಿಲ್ಲ, ಇಸ್ತ್ರಿ ಹಾಕಬೇಡ ಎಂದರ್ಥ. ಅವ್ವ ಎಲ್ಲ ಬಟ್ಟೆಯನ್ನೂ ಹಿತ್ತಿಲ ಬಾಗಿಲಿಗೆ ಕಳಿಸುತ್ತಿದ್ದಳು. ಆ ಒಂದು ಬಟ್ಟೆಯನ್ನು ಮಾತ್ರ ತಾನೇ ಹಿಡಿದು, ನಾವು ಮೆಟ್ಟಬಾರದ ಮುಂಬಾಗಿಲ ಮೆಟ್ಟಿಲು ಹತ್ತಿ ಯಜಮಾನಿಯ ಕೈಗೇ ಕೊಡುತ್ತಿದ್ದಳು. "ಕಲೆ ಹೋಗ್ದಿದ್ರೆ ಮಡಚಿ ಒಳಗಡೆ ಮುಚ್ಚಬಾರ್ದು ಮಗಾ. ಎದುರಿಗೆ ಹಿಡ್ದು ತೋರಿಸ್ಬೇಕು."

ನಾನು ಇಲ್ಲಿ ಬಂದು ಮಲಗುತ್ತೇನೆಂದು ನಿನಗೆ ಮೊದಲೇ ಹೇಗೆ ಗೊತ್ತಾಯಿತು? ಕನಸು ಬಿತ್ತೇ? ಮೆಲೆಸಿಯೊಗೆ ತೋರಿಸಿದೆ. ಅವನು ಗುರುತು ನೋಡಲಿಲ್ಲ, ಜೋಡಣೆ ಮುಟ್ಟಿ ಬೆರಳು ಮೂಸಿದ. ಎಣ್ಣೆಯ ಪಸೆ ಇದೆಯಂತೆ. ಜೆಟ್ ಎಸೆದಾಗಲೆಲ್ಲ ಆ ಪೈಪು ನಡುಗುತ್ತದೆ. ನಾನದಕ್ಕೆ ಹಳೆಯ ಟವೆಲ್ ಸುತ್ತಿದ್ದೇನೆ.

ನಗುತ್ತಿರುವ
ಕ್ಲೋವಿಸ್

ಕೋಲ್ಬಿ ಹಾರ್ಬರ್
೧೯ ಫೆಬ್ರುವರಿ ೧೯೫೪

ಕ್ಲೋವಿಸ್,

ನಗಬೇಡ. ಅಲ್ಲಿ ಮಲಗಬೇಡ.

ನಕ್ಷೆಯಲ್ಲಿ ಆ ಕೋಣೆ ಹಗ್ಗ, ಹಾಸಿಗೆ, ಹಳೆಯ ಸಾಮಾನು ಇಡುವ ಉಗ್ರಾಣ. ಮನುಷ್ಯರು ಮಲಗುವ ಜಾಗವೇ ಅಲ್ಲ. ಜೆಟ್ಟಿಗೆ ಇಂಧನ ಹೆಚ್ಚು ಬೇಕು ಎಂದು ಹೊಟ್ಟೆಯಲ್ಲಿ ಟ್ಯಾಂಕು ಹಿಗ್ಗಿಸಿದರಲ್ಲ, ಆಗ ಹೋದದ್ದು ನಿಮ್ಮವರ ಹಳೆಯ ಮಲಗುವ ಕೋಣೆ. ನಿಮ್ಮನ್ನು ಎಲ್ಲಿಗೆ ನೂಕಿದರು ಎಂದು ನಾನು ಒಂದು ಸಲವೂ ಕೇಳಲಿಲ್ಲ. ಕೇಳಬೇಕಾಗಿದ್ದವಳು ನಾನು.

ಆ ಗೋಡೆಯ ಆಚೆಗೆ ಕವಣೆಯ ಗಾಳಿ-ಎಣ್ಣೆಯ ಟ್ಯಾಂಕು. ಜೆಟ್ಟಿಗೆ ಮೂರೂವರೆ ಸಾವಿರ ಪೌಂಡು ಒತ್ತಡ ಬೇಕು; ಅಷ್ಟು ತುಂಬಿ ನಾನು ಪರೀಕ್ಷೆ ಮಾಡಬೇಕಿತ್ತು. ನಮ್ಮ ಹಳೆಯ ಪಂಪು ಎರಡು ಸಾವಿರಕ್ಕೇ ಏದುಸಿರು ಬಿಟ್ಟಿತು. ಹೊಸ ಪಂಪು ಬಂದಿರಲಿಲ್ಲ. ಎರಡು ಸಾವಿರಕ್ಕೇ ಆ ಜೋಡಣೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದವು. ಹಾಲ್ವರ್ಸನ್‌ಗೆ ತೋರಿಸಿದೆ. "ಬಿಗಿ ಮಾಡಿಸ್ತೀನಿ. ನೀನು ಮೂರೂವರೆ ಅಂತ ಬರ್ದು ಮುದ್ರೆ ಹಾಕು. ಗುರುವಾರ ಅಡ್ಮಿರಲ್ ಬರ್ತಾನೆ" ಅಂದ. ಆಗುವುದಿಲ್ಲ ಅಂದೆ. ಅವನು ಕೂಗಲಿಲ್ಲ. ಮೆತ್ತಗೆ ಹೇಳಿದ: "ಹಾಗಾದ್ರೆ ಮುದ್ರೆ ಇಲ್ಕೊಡು. ನಿಮ್ಮವ್ರಿಗೆ ಇದು ಆಗ್ಬರಲ್ಲ ಅಂತ ಮೇಲ್ನೋರು ಮೊದ್ಲೇ ಹೇಳಿದ್ರು, ನಾನೇ ಹಟ ಮಾಡ್ದೆ."

ನನಗೆ ವರ್ನೀಸಳ ಮುಖ ಕಂಡಿತು. ಹಿಂದೆ ನಿಂತ ಹನ್ನೆರಡು ಹೆಂಗಸರು ಕಂಡರು. ಒತ್ತಿದೆ. ಬಿಗಿ ಮಾಡಲು ಯಾರೂ ಬರಲಿಲ್ಲ. ಕೊನೆಯ ದಿನ ಉಳಿ ಸುತ್ತಿಗೆ ತೆಗೆದುಕೊಂಡು ಹೋಗಿ ಅವ್ವನ ಗುರುತು ಕುಟ್ಟಿದೆ. ಯಾರಿಗೂ ಓದಲು ಬಾರದ ಸತ್ಯ ಬರೆದು ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮುದ್ರೆ ನನಗೆ ಏಕೆ ಕೊಟ್ಟರು ಎಂದು ಈಗ ಗೊತ್ತಾಗಿದೆ. ಬಿಳಿಯರಲ್ಲಿ ಯಾವನೂ ಆ ಕಾರ್ಡಿನ ಮೇಲೆ ತನ್ನ ಅಂಕಿ ಹಾಕಲು ಒಪ್ಪಿರಲಿಲ್ಲ.

ಮಂಚ ಬದಲಾಯಿಸು. ಏನಾದರೂ ನೆಪ ಹೇಳು. ಈ ಕಾಗದ ಸುಡು.

ಅಕ್ಕ

'ಬ್ರೈಯರ್ ಕ್ರೀಕ್'
೮ ಮಾರ್ಚ್ ೧೯೫೪

ಅರ್ಡೆಲಾ,

ಮಂಚ ಬದಲಾಯಿಸು ಎಂದೆ. ನಾನು ಎದ್ದು ಹೋದರೆ ಆ ಮಂಚ ಖಾಲಿ ಬೀಳುತ್ತದೆ ಎಂದುಕೊಂಡೆಯಾ? ಅಲ್ಲಿ ಇನ್ನೊಬ್ಬ ಮಲಗುತ್ತಾನೆ. ಮೂವತ್ತೆಂಟು ತಾಯಂದಿರ ಮಕ್ಕಳಲ್ಲಿ ನಿನಗೆ ಕಂಡದ್ದು ನಾನೊಬ್ಬನೇ.

ಅಧಿಕಾರಿಯ ಹತ್ತಿರ ಹೋದೆ. ಸೋರುತ್ತಿದೆ, ಪೈಪಿನ ಜೋಡಣೆ ಬಿಚ್ಚಿ ನೋಡಿ ಎಂದೆ. ಅವನು ಕಾರ್ಡು ತರಿಸಿದ. "ಮೂರೂವರೆ ಸಾವಿರಕ್ಕೆ ಪಾಸು. ಮುದ್ರೆ ೮೮. ಕಾಫಿ ಹುಯ್ಯೋನಿಗೆ ಇದಕ್ಕಿಂತ ಜಾಸ್ತಿ ಗೊತ್ತೇನಯ್ಯಾ?" ಕೋಣೆಯೆಲ್ಲ ನಕ್ಕಿತು. ನಿನ್ನ ಅಂಕಿ ನನ್ನ ಬಾಯಿ ಮುಚ್ಚಿತು.

ಕ್ಯಾಪ್ಟನ್ನಿಗೆ ನೀನೇ ಬರೆ. ಎಂಬತ್ತೆಂಟು ಸುಳ್ಳು ಹೇಳಿತು ಎಂದು ಒಂದು ಸಾಲು. ಅಷ್ಟು ಸಾಕು, ಬಿಚ್ಚಿ ನೋಡಲೇಬೇಕಾಗುತ್ತದೆ.

ಕ್ಲೋವಿಸ್

ಕೋಲ್ಬಿ ಹಾರ್ಬರ್
೨೫ ಮಾರ್ಚ್ ೧೯೫೪

ತಮ್ಮಾ,

ಬರೆಯುತ್ತಿದ್ದೇನೆ. ಬರೆದು ಹರಿಯುತ್ತಿದ್ದೇನೆ.

ಸರ್ಕಾರಿ ಕಾರ್ಡಿನ ಮೇಲೆ ಸುಳ್ಳು ಬರೆದರೆ ಜೈಲು. ಅದು ನನಗಿರಲಿ. ಮರುದಿನವೇ ಈ ಹನ್ನೆರಡು ಹೆಂಗಸರ ಕೈಯಿಂದ ಬ್ರಷ್ಷನ್ನೂ ಕಿತ್ತುಕೊಳ್ಳುತ್ತಾರೆ. "ನೋಡಿದ್ರಾ, ಹೇಳಿರ್ಲಿಲ್ವಾ" ಎನ್ನುತ್ತಾರೆ. ಮೊದಲು ಹಾಲ್ವರ್ಸನ್‌ನನ್ನೇ ಒಪ್ಪಿಸಲು ನೋಡುತ್ತೇನೆ. ಅವನು ಬರೆದರೆ ತೂಕ ಬೇರೆ. ಸ್ವಲ್ಪ ದಿನ ಕೊಡು. ಟವೆಲ್ ಬದಲಾಯಿಸುತ್ತಿರು.

ಅಕ್ಕ

'ಬ್ರೈಯರ್ ಕ್ರೀಕ್'
೧೮ ಏಪ್ರಿಲ್ ೧೯೫೪

ಅಕ್ಕಾ,

ಟವೆಲ್ ಹಿಂಡಿದರೆ ಬಟ್ಟಲು ತುಂಬುತ್ತದೆ.

ಶುಕ್ರವಾರ ಮೂವತ್ತೆಂಟು ಜನವೂ ಹಾಸಿಗೆ ಸುತ್ತಿ ಹೆಗಲಿಗೇರಿಸಿ, ವಿಮಾನ ನಿಲ್ಲಿಸುವ ಅಂಗಳಕ್ಕೆ ಹೋಗಿ ಉಕ್ಕಿನ ಮೇಲೆ ಮಲಗಿದೆವು. ಮೆಲೆಸಿಯೊ ಮುಂದೆ, ನಾನು ಹಿಂದೆ. ಬೆಳಿಗ್ಗೆ ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ಕೊಟ್ಟೆವು. ಕ್ಯಾಪ್ಟನ್ ಬಂದು ಕೇಳಿದ: "ಯಾರು ನಾಯಕ?" ಮೂವತ್ತೆಂಟು ಜನವೂ ಎದ್ದು ನಿಂತೆವು. "ಇದ್ಕೆ ದಂಗೆ ಅಂತಾರೆ, ಗೊತ್ತಾ?" ಅಂದ. ಮೆಲೆಸಿಯೊ ಹೇಳಿದ: "ಇದ್ಕೆ ನಿದ್ದೆ ಅಂತಾರೆ, ಸಾರ್."

ಬಂದರು ಮುಟ್ಟಿದ ಮೇಲೆ ವಿಚಾರಣೆ. ಅಲ್ಲಿಯವರೆಗೆ ನೆಲವೇ ಗತಿ. "ಮೆತ್ತನೆ ಮಂಚ ಬೇಡ್ವಾದ್ರೆ ಬೇಕಾದೋರು ಇದ್ದಾರೆ" ಎಂದು ಹೊಸದಾಗಿ ಬಂದ ಬಿಳಿಯ ನಾವಿಕರನ್ನು 'ಜಾರ್ಜಿಯಾ'ಕ್ಕೆ ಹಾಕಿದ್ದಾರೆ. ಅವರಿಗೆ ಹೇಳಿದೆವು. "ಕರಿಯರ ಮಂಚದಲ್ಲಿ ಮಲಗೋದೇ ದೊಡ್ಡ ಕಷ್ಟ, ಅದರ ಮೇಲೆ ನಿಮ್ಮ ದೆವ್ವದ ಕತೆ ಬೇರೆ" ಎಂದು ನಕ್ಕರು.

ನಿನ್ನ ಒಂದು ಸಾಲು, ಅಕ್ಕಾ. ನಿನ್ನ ಕಾಲು ಹಿಡಿಯುತ್ತೇನೆ.

ಕ್ಲೋವಿಸ್

ಕೋಲ್ಬಿ ಹಾರ್ಬರ್
೨೮ ಏಪ್ರಿಲ್ ೧೯೫೪

ತಮ್ಮಾ,

ಹಾಲ್ವರ್ಸನ್, "ಯಾವ ಜೋಡಣೆ? ನಂಗೇನೂ ನೆನಪಿಲ್ಲ ಹುಡುಗಿ" ಅಂದ.

ಕ್ಯಾಪ್ಟನ್ನಿಗೆ ಬರೆದೆ. ಹರಿಯಲಿಲ್ಲ. ಇಂದು ಬೆಳಿಗ್ಗೆ ಅಂಚೆಪೆಟ್ಟಿಗೆಗೆ ಹಾಕಿ, ಬಿದ್ದ ಸದ್ದು ಕೇಳಿಸುವವರೆಗೂ ನಿಂತೆ. ಎಲ್ಲ ಬರೆದಿದ್ದೇನೆ: ಎರಡು ಸಾವಿರ, ಗುಳ್ಳೆ, ಗುರುತು, ನನ್ನ ಹೆಸರು.

ತಡವಾಯಿತು. ಆದರೂ ನೀನು ಕೇಳಿದ ಸಾಲು ಹೊರಟಿತು ತಾನೆ?

ಅಕ್ಕ

ನೌಕಾಪಡೆಯ ಸೆರೆಮನೆ, ಕ್ಯಾಲಿಫೋರ್ನಿಯಾ
೩೦ ಜೂನ್ ೧೯೫೪

ಅರ್ಡೆಲಾ,

ನಿನ್ನ ಪತ್ರ ಕ್ಯಾಪ್ಟನ್ನಿನ ಕೈಗೆ ಸೇರಿದ್ದು ಮೇ ಮೂರಕ್ಕೆ. ಕವಣೆ ಸಿಡಿದದ್ದು ಮೇ ಒಂದಕ್ಕೆ, ಬೆಳಿಗ್ಗೆ ಆರೂಕಾಲಿಗೆ, ಎರಡನೆಯ ಜೆಟ್ ಎಸೆಯುವಾಗ. ಸೋರಿದ ಎಣ್ಣೆ ಮಂಜಾಗಿ ತುಂಬಿತ್ತಂತೆ. ಒಂದು ಕಿಡಿ ಸಾಕಾಯಿತು. ಆ ಗೋಡೆ ತಗಡಿನಂತೆ ಮಡಚಿತು. 'ಜಾರ್ಜಿಯಾ'ದಲ್ಲಿ ಮಲಗಿದ್ದವರು ಹತ್ತೊಂಬತ್ತು ಜನ. ಹೊರಗೆ ತೆಗೆದವರು ನಾವೇ. ಬಿಳಿ ಕೋಟಿನಲ್ಲೇ.

ನಾವು ಮೂವತ್ತೆಂಟು ಜನ ಬದುಕಿದೆವು. ಅದೇ ನಮ್ಮ ಅಪರಾಧ. "ನಿಮ್ಗೆ ಮೊದ್ಲೇ ಹೇಗೆ ಗೊತ್ತಿತ್ತು?" ಒಂದೇ ಪ್ರಶ್ನೆಯನ್ನು ಆರು ವಾರ ಕೇಳಿದರು. ನಿನ್ನ ಪತ್ರ ನಮ್ಮನ್ನು ಬಿಡಿಸುತ್ತದೆ ಎಂದುಕೊಂಡಿದ್ದೆ. ಅವರು ಅದನ್ನು ತಿರುಗಿಸಿ ಓದಿದರು: ಅಕ್ಕ ಒಳಗೆ ಗುಪ್ತ ಗುರುತು ಹಾಕಿದಳು, ತಮ್ಮ ಹೊರಗೆ ದಂಗೆ ಎಬ್ಬಿಸಿದ, ಸಂಚು ಅಕ್ಕತಮ್ಮಂದಿರದು. ನಿನ್ನ ಮೇಸ್ತ್ರಿ, ಪಂಪು ಚೆನ್ನಾಗಿಯೇ ಇತ್ತು ಎಂದು ಸಹಿ ಹಾಕಿ ಕಳಿಸಿದ್ದ. ನಿನ್ನನ್ನು ಹಿಡಿದರೆ ಪಂಪಿನ ಮಾತು ಮತ್ತೆ ಏಳುತ್ತದೆ, ಆದ್ದರಿಂದ ಹಿಡಿಯಲೂ ಇಲ್ಲ, ಕರೆಸಿ ಕೇಳಲೂ ಇಲ್ಲ. ಮೆಲೆಸಿಯೊಗೆ ಎರಡು ವರ್ಷ, ಉಳಿದವರಿಗೆ ಒಂದೊಂದು. ನನಗೆ ಆರು.

ನನಗೇಕೆ ಆರು ಗೊತ್ತೇ? ಫೆಬ್ರುವರಿಯ ನಿನ್ನ ಕಾಗದವನ್ನು ನಾನು ಸುಡಲಿಲ್ಲ. ಬಟ್ಟೆಯ ಗಂಟಿನಲ್ಲಿ ಸಿಕ್ಕಿತು. ನ್ಯಾಯಾಧೀಶ ಅದನ್ನು ಎತ್ತಿ ಹಿಡಿದು ಕೇಳಿದ: "ಇದು ನಿನ್ ಕೈಲಿ ಇತ್ತಲ್ಲ. ಆ ಅಧಿಕಾರಿ ಮುಂದೆ ಇದನ್ನ ಇಟ್ಟಿದ್ರೆ ಆ ಹತ್ತೊಂಬತ್ತು ಜನ ಇರ್ತಿದ್ರು. ಯಾಕ್ ಇಡ್ಲಿಲ್ಲ?"

ನಿನ್ನ ಕೈಗೆ ಕೋಳ ಬೀಳುತ್ತದೆ ಎಂದು ಇಡಲಿಲ್ಲ. ನೀನಾಗಿಯೇ ಬರೆಯುತ್ತೀಯ ಎಂದು ಎರಡು ತಿಂಗಳು ಕಾದೆ. ನೀನು ಹನ್ನೆರಡು ಹೆಂಗಸರ ಮರ್ಯಾದೆ ಕಾದೆ, ನಾನು ನಿನ್ನೊಬ್ಬಳನ್ನು ಕಾದೆ. ಕಾದ ಇಬ್ಬರೂ ಸೇರಿ ಅವರನ್ನು ಸುಟ್ಟೆವು. ಆ ಮನುಷ್ಯ ನನ್ನನ್ನು ದ್ವೇಷಿಸುತ್ತಿದ್ದ, ಆದರೂ ಅವನ ಆ ಒಂದು ಮಾತು ನಿಜ.

ಇಲ್ಲಿ ನನಗೆ ಬಟ್ಟೆ ಒಗೆಯುವ ಕೆಲಸ. ಏಪ್ರಿಲ್‌ನ ನಿನ್ನ ಕಾಗದವನ್ನು ಇದರೊಂದಿಗೆ ವಾಪಸ್ ಕಳಿಸುತ್ತಿದ್ದೇನೆ. ಮೂಲೆಯಲ್ಲಿ ಕೆಂಪು ದಾರ ಇದೆ, ನೋಡಿಕೊ. ಇನ್ನು ಬರೆಯಬೇಡ.

ಕ್ಲೋವಿಸ್

ಕೋಲ್ಬಿ ಹಾರ್ಬರ್
೧೫ ಜುಲೈ ೧೯೫೪

ಕ್ಲೋವಿಸ್,

ಬರೆಯಬೇಡ ಎಂದೆ. ಇದು ಕೊನೆಯದು, ಓದದೆ ಹರಿದರೂ ಸರಿ.

ಕೆಂಪು ದಾರ ನೋಡಿದೆ. ಕುಣಿಕೆ, ಕೆಳಗೆ ಮೂರು ಗೀಟು. ಅವ್ವನಷ್ಟೇ ನೇರವಾಗಿ ಹೊಲಿದಿದ್ದೀಯ. ಆ ಕಲೆ ಹೋಗುವುದಿಲ್ಲ, ಹೋಗಲಿ ಎಂದು ನಾನು ಕೇಳುವುದೂ ಇಲ್ಲ.

ನನ್ನನ್ನು ಕೆಲಸದಿಂದ ತೆಗೆದರು. ಹನ್ನೆರಡು ಹೆಂಗಸರ ಮರ್ಯಾದೆ ಎಂದು ನಾನು ಹಾಡಿದ ಹಾಡು ಕೇಳು: ಅವರನ್ನು ಯಾರೂ ತೆಗೆಯಲಿಲ್ಲ. ತೆಗೆಯುವುದೇಕೆ? ಮುಂದಿನ ಹಡಗು ಕಟ್ಟೆಗೆ ಬಂದು ನಿಂತಿದೆ. ಎಂಬತ್ತೆಂಟನೆಯ ಮುದ್ರೆಯನ್ನು ಹಾಲ್ವರ್ಸನ್ ಕಳೆದ ಸೋಮವಾರ ವರ್ನೀಸಳ ಕೈಗಿಟ್ಟ. "ತಗೋ ಹುಡುಗಿ, ನನ್ ಮರ್ಯಾದೆ ಉಳ್ಸು." ಅವಳು ಸಂಜೆ ನನ್ನ ಬಾಗಿಲಿಗೆ ಬಂದು ಒಳಗೆ ಕಾಲಿಡದೆ ನಿಂತಳು. "ಹಳೇ ಪಂಪೇ ಇದೆ ಅಕ್ಕಾ. ಏನ್ ಮಾಡ್ಲಿ?" ನಾನು ಹೇಳಿದೆ: "ವಾಪಸ್ ಕೊಡು. ಅವನು ಮೆತ್ತಗೆ ಮಾತಾಡಿದ್ರೆ ಗಟ್ಟಿಯಾಗಿ ಕೂಗು." ಕೊಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳ ಹಿಂದೆ ಹನ್ನೊಂದು ಜನ ನಿಂತಿದ್ದಾರೆ.

ನಿಮ್ಮ ವಕೀಲ ಹಾಕಿದ ಅರ್ಜಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಮ್ಮ ಮೂವತ್ತೆಂಟು ಜನರ ಮರುವಿಚಾರಣೆ ಬರುವ ಸೋಮವಾರ. ಯಾರೂ ನನ್ನನ್ನು ಕರೆದಿಲ್ಲ. ಹೋಗುತ್ತಿದ್ದೇನೆ. ಬಾಯಿ ಬಿಟ್ಟರೆ ಮರಳಿ ಮನೆಗೆ ಬರುವುದಿಲ್ಲ ಎಂದು ವಕೀಲ ಹೇಳಿದ. ಮನೆಯ ಬೀಗದ ಕೈ ಪಕ್ಕದವರಿಗೆ ಕೊಟ್ಟಾಗಿದೆ. ಹತ್ತೊಂಬತ್ತು ಹೆಸರುಗಳನ್ನು ಪತ್ರಿಕೆಯಿಂದ ಬಾಯಿಪಾಠ ಮಾಡಿದ್ದೇನೆ. ಒಬ್ಬನ ಊರು ನಮ್ಮ ಊರಿಗೆ ಆರು ಮೈಲಿ. ಅವನ ಅಜ್ಜಿಯ ಹಾಸಿಗೆ ಹೊದಿಕೆಗಳನ್ನು ಅವ್ವ ಒಗೆದಿರಬಹುದು.

ಆ ನ್ಯಾಯಾಲಯದ ಕಟ್ಟಡಕ್ಕೆ ಹಿತ್ತಿಲ ಬಾಗಿಲೂ ಇದೆಯಂತೆ. ಅಡುಗೆಯವರು, ಕಸ ಗುಡಿಸುವವರು, ಹೆಸರಿಲ್ಲದ ಸಾಕ್ಷಿಗಳು ಅಲ್ಲಿಂದ ಹೋಗುತ್ತಾರಂತೆ. ನಾನು ಮುಂಬಾಗಿಲ ಮೆಟ್ಟಿಲು ಹತ್ತುತ್ತೇನೆ. ಕೈಯಲ್ಲಿ ನೀನು ಹೊಲಿದ ಕಾಗದ ಇರುತ್ತದೆ. ಮೂಲೆಯ ದಾರ ಏನು ಎಂದು ಕೇಳಿಯೇ ಕೇಳುತ್ತಾರೆ. ಆ ಗುರುತನ್ನು ಓದಬಲ್ಲವರು ಇಷ್ಟು ದಿನ ನಾವಿಬ್ಬರೇ ಇದ್ದೆವು. ಸೋಮವಾರ ಅವರಿಗೂ ಕಲಿಸುತ್ತೇನೆ.

ಅರ್ಡೆಲಾ